ಮಾಂಸವಿಲ್ಲದ ಮಾಂಸದ ಪಲ್ಯ: ಬೆಬಾಪ್ ಹಡಗಿನ ಅಡುಗೆಮನೆ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಅವತ್ತು ಆಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪ್ರೊಜೆಕ್ಟರ್ ಕೈಕೊಟ್ಟಿದೆ. ಅರ್ಧ ಗಂಟೆಯಿಂದ ಅದರ ಜೊತೆ ಒದ್ದಾಡಿದ್ದನ್ನು ನೀವೇ ನೋಡಿದಿರಿ. ಆರು ತುಣುಕು ವಿಡಿಯೊ ತಂದಿದ್ದೆ, ಒಂದೂ ಓಡುತ್ತಿಲ್ಲ. ಹಾಗಾಗಿ ಇವತ್ತು ಬರೀ ಬಾಯಿಮಾತು. ಬೇಜಾರು ಮಾಡಿಕೊಳ್ಳಬೇಡಿ. ಇವತ್ತಿನ ವಿಷಯ ‘ಕೌಬಾಯ್ ಬೆಬಾಪ್’ ಅನ್ನುವ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಧಾರಾವಾಹಿ. ಇಂಥದ್ದೇ ಪೇಚಾಟದ ಮೇಲೆ ನಿಂತಿರುವ ಒಂದು ಇಡೀ ಕಂತು ಅದರಲ್ಲೇ ಇದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಪರದೆ ಇಲ್ಲವಲ್ಲ, ನೀವೇ ಮನಸ್ಸಿನಲ್ಲಿ ಒಂದು ಅಡುಗೆಮನೆ ಕಟ್ಟಿಕೊಳ್ಳಿ. ಒಲೆಯ ಮೇಲೆ ಬಾಣಲೆ, ಬಾಣಲೆಯ ಕೆಳಗೆ ಜೋರು ಉರಿ. ಮುಂದೆ ನಿಂತವನು ದಪ್ಪನೆಯ ಮನುಷ್ಯ, ಬೋಳುತಲೆ, ದವಡೆಯ ಸುತ್ತ ಗಡ್ಡ, ಒಂದು ಕೈ ಲೋಹದ್ದು. ಹೆಸರು ಜೆಟ್ ಬ್ಲ್ಯಾಕ್. ಪಕ್ಕದ ಕತ್ತಲೆಯಲ್ಲಿ ಒಬ್ಬ ತೆಳ್ಳನೆಯ ಯುವಕ ಒಬ್ಬನೇ ಕೈಕಾಲು ಬೀಸುತ್ತ ಕಸರತ್ತು ಮಾಡುತ್ತಿದ್ದಾನೆ. ಅವನು ಸ್ಪೈಕ್ ಸ್ಪೀಗಲ್. ಊಟ ರೆಡಿ ಅಂತ ಜೆಟ್ ಕೂಗುತ್ತಾನೆ. ಇವತ್ತಿನ ಸ್ಪೆಷಲ್, ದೊಣ್ಣೆ ಮೆಣಸಿನಕಾಯಿ ಮತ್ತು ಬೀಫ್. ಸ್ಪೈಕ್ ತಟ್ಟೆ ಕೆದಕಿ ನೋಡುತ್ತಾನೆ. ಮೆಣಸಿನಕಾಯಿ ಇದೆ, ಬೀಫ್ ಇಲ್ಲ. ಮಾಂಸವೇ ಇಲ್ಲದ ಮೇಲೆ ಆ ಹೆಸರು ಯಾಕೆ ಅಂತ ಇವನ ತಕರಾರು. ಕೈಯಲ್ಲಿ ಕಾಸಿಲ್ಲದಿದ್ದಾಗ ಇದನ್ನೇ ಹಾಗೆ ಕರೆಯೋದು ಅಂತ ಅವನ ಉತ್ತರ. ಹೋದ ಸಲದ ಇನಾಮಿನ ಹತ್ತು ಲಕ್ಷ ಎಲ್ಲಿ ಹೋಯಿತು ಅಂದರೆ, ಲೆಕ್ಕ ತಯಾರಾಗಿಯೇ ಇದೆ: ನೀನು ಜಖಂ ಮಾಡಿದ ಗಾಡಿಯ ರಿಪೇರಿ, ನೀನು ಒಡೆದುಹಾಕಿದ ಅಂಗಡಿಯ ದಂಡ, ನಿನ್ನ ಕೈಗೆ ಸಿಕ್ಕಿ ಆಸ್ಪತ್ರೆ ಸೇರಿದ ಪೊಲೀಸಿನವನ ಖರ್ಚು.

‘ಕೌಬಾಯ್ ಬೆಬಾಪ್’ ನಮಗೆ ತನ್ನ ಹೀರೋಗಳನ್ನು ಪರಿಚಯಿಸುವುದು ಹೀಗೆ, ಮೊದಲ ಕಂತಿನಲ್ಲೇ. ಕತ್ತಿ ಇಲ್ಲ, ಶಪಥ ಇಲ್ಲ, ಸಾಮ್ರಾಜ್ಯ ಇಲ್ಲ. ಊಟದ ತಟ್ಟೆ ಮತ್ತು ಅದರ ಮೇಲೊಂದು ಜಗಳ. ಇವತ್ತು ನಾನು ಈ ಅನಿಮೆಯನ್ನು ಆ ತಟ್ಟೆಯಿಂದಲೇ ನೋಡುತ್ತೇನೆ. ಇದರ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಸಂಗೀತದಿಂದ ಶುರು ಮಾಡುತ್ತಾರೆ, ಇಲ್ಲವೇ ಸ್ಪೈಕ್‌ನ ಸ್ಟೈಲ್‌ನಿಂದ. ಎರಡೂ ಸರಿಯೇ. ಆದರೆ ಮೂರು ಸಲ ಪೂರ್ತಿ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಬೆಬಾಪ್ ಅನ್ನುವ ಈ ಆಕಾಶ ಹಡಗಿನವರು ಒಬ್ಬರಿಗೊಬ್ಬರು ತಮ್ಮ ಕಥೆ ಹೇಳಿಕೊಳ್ಳುವುದಿಲ್ಲ. ಒಟ್ಟಿಗೆ ಕೂತು ತಿನ್ನುತ್ತಾರೆ, ಅಷ್ಟೆ. ಅವರ ನಡುವೆ ಏನಿದೆ, ಏನಿಲ್ಲ ಅನ್ನೋದು ಗೊತ್ತಾಗಬೇಕಾದರೆ ಯಾರು ಯಾವಾಗ ಏನು ತಿಂದರು ಅಂತ ನೋಡಬೇಕು.

ಈ ಅನಿಮೆಯನ್ನು ಸೇರಿಸುವ ಪ್ರಕಾರಕ್ಕೆ ಸ್ಪೇಸ್ ಆಪೆರಾ ಅನ್ನುತ್ತಾರೆ, ಅಂದರೆ ಆಕಾಶನೌಕೆಗಳ ಸಾಹಸಕಥೆ. ಆ ಮಾತಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಅದು ಹುಟ್ಟಿದ್ದೇ ಬೈಗುಳವಾಗಿ. 1941ರಲ್ಲಿ ಅಮೆರಿಕದ ಲೇಖಕ ವಿಲ್ಸನ್ ಟಕರ್, ಸವಕಲಾದ ರಾಕೆಟ್ ಕಥೆಗಳನ್ನು ಹಂಗಿಸಲು ಆ ಹೆಸರಿಟ್ಟ. ರೇಡಿಯೊ ಧಾರಾವಾಹಿಗಳಿಗೆ ಸೋಪ್ ಆಪೆರಾ, ಕುದುರೆ ಸವಾರರ ಸಿನಿಮಾಗಳಿಗೆ ಹಾರ್ಸ್ ಆಪೆರಾ ಅನ್ನುತ್ತಿದ್ದರಲ್ಲ, ಅದೇ ಧಾಟಿಯಲ್ಲಿ. ಆಮೇಲೆ ಬೈಗುಳ ಹೋಗಿ ಪ್ರಕಾರದ ಹೆಸರಾಯಿತು. ಜಪಾನಿನಲ್ಲಿ 1974ರಲ್ಲಿ ‘ಯಮಾಟೊ’ ಬಂತು, ಮುಳುಗಿದ ಯುದ್ಧನೌಕೆಯನ್ನೇ ಆಕಾಶಕ್ಕೆ ಹಾರಿಸಿ ಭೂಮಿಯನ್ನು ಉಳಿಸುವ ಕಥೆ. 1988ರಿಂದ 1997ರವರೆಗೆ ‘ಲೆಜೆಂಡ್ ಆಫ್ ದಿ ಗ್ಯಾಲಕ್ಟಿಕ್ ಹೀರೋಸ್’ 110 ಕಂತುಗಳಲ್ಲಿ ಎರಡು ಮಹಾರಾಜ್ಯಗಳ ಯುದ್ಧ ಹೇಳಿತು. ಅಂಥ ಪರಂಪರೆಯಲ್ಲಿ 1998ರಲ್ಲಿ ಬಂದ ಬೆಬಾಪ್‌ನಲ್ಲಿ ಯಾರೂ ಬ್ರಹ್ಮಾಂಡ ಉಳಿಸಲು ಹೋಗುವುದಿಲ್ಲ. ಈ ತಿಂಗಳ ಡೀಸೆಲ್ಲಿಗೆ ದುಡ್ಡು ಹೊಂದಿದರೆ ಸಾಕಪ್ಪಾ ಅಂತ ಇರುವವರು ಇವರು. ಡೀಸೆಲ್ ಅಂತ ಸುಮ್ನೆ ಅಂದೆ, ಇಂಧನ ಅಂತ ಇಟ್ಟುಕೊಳ್ಳಿ.

ಮಾಡಿದ್ದು ಸನ್‌ರೈಸ್ ಸ್ಟುಡಿಯೊ, ನಿರ್ದೇಶಕ ಶಿನಿಚಿರೊ ವಾಟನಬೆ. ಬರವಣಿಗೆಯ ಹೊಣೆ ಕೆಯ್ಕೊ ನೊಬುಮೊಟೊ ಅವರದು. ಮೊದಲಿಗೆ ದುಡ್ಡು ಹಾಕಲು ಬಂದದ್ದು ಬಂಡಾಯ್ ಕಂಪನಿಯ ಆಟಿಕೆ ವಿಭಾಗ. ಅವರಿಗೆ ಬೇಕಿದ್ದದ್ದು ಮಾರಬಹುದಾದ ಹಡಗಿನ ಗೊಂಬೆಗಳು. ಆಕಾಶನೌಕೆ ಒಂದಿದ್ದರೆ ಸಾಕು, ಉಳಿದದ್ದು ನಿಮ್ಮಿಷ್ಟ ಅಂದಿದ್ದರಂತೆ. ಆದರೆ ತಯಾರಾಗುತ್ತಿದ್ದ ಸರಕು ನೋಡಿದಾಗ ಗೊಂಬೆ ಮಾರುವ ಆಸೆ ಬತ್ತಿಹೋಗಿ ಹಿಂದೆ ಸರಿದರು. ಅದೇ ಬಳಗದ ವಿಡಿಯೊ ಕಂಪನಿ ಕೈಹಿಡಿಯಿತು. 1998ರ ಏಪ್ರಿಲ್‌ನಲ್ಲಿ ಟಿವಿ ಟೋಕಿಯೊದಲ್ಲಿ ಶುರುವಾಯಿತು, ಅರ್ಧದಷ್ಟೂ ತೋರಿಸದೆ ಜೂನ್‌ನಲ್ಲಿ ನಿಂತಿತು. ಅದೇ ವರ್ಷ ಅಕ್ಟೋಬರ್‌ನಿಂದ ಚಂದಾ ಕಟ್ಟಿ ನೋಡುವ ವಾವ್‌ವಾವ್ ಚಾನೆಲ್‌ನಲ್ಲಿ ಎಲ್ಲ 26 ಕಂತು ಬಂದವು. ನೋಡಿ, ಕಾಸಿಲ್ಲದವರ ಕಥೆಗೆ ಕಾಸು ಹುಟ್ಟುವುದೂ ಕಷ್ಟವಾಗಿತ್ತು.

ಕಥೆ ನಡೆಯುವುದು 2071ರಲ್ಲಿ. ಗ್ರಹದಿಂದ ಗ್ರಹಕ್ಕೆ ಬೇಗ ದಾಟಲು ಆಕಾಶದಲ್ಲಿ ದ್ವಾರಗಳನ್ನು ಕಟ್ಟಿದ್ದಾರೆ. ಕಟ್ಟುವಾಗ ಚಂದ್ರನ ಹತ್ತಿರದ ಒಂದು ದ್ವಾರ ಸ್ಫೋಟಗೊಂಡು ಚಂದ್ರನೇ ಒಡೆದಿದೆ. ಆ ಕಲ್ಲುಗಳು ಈಗಲೂ ಭೂಮಿಯ ಮೇಲೆ ಮಳೆಯಂತೆ ಬೀಳುತ್ತವೆ. ಜನ ಮಂಗಳ, ಶುಕ್ರ, ಗುರುವಿನ ಉಪಗ್ರಹಗಳು ಅಂತ ಚೆದುರಿಹೋಗಿದ್ದಾರೆ. ಆ ಅಪಘಾತ ನಡೆದದ್ದು ಯಾವ ವರ್ಷ ಗೊತ್ತಾ? 2022. ಆ ವರ್ಷ ನಾನು ಎರಡು ಮೂರು ಸಲ ಮಹಡಿ ಹತ್ತಿ ಚಂದ್ರನನ್ನು ನೋಡಿ ಬಂದೆ. ಸುರಕ್ಷಿತವಾಗಿದ್ದ.

ಪೊಲೀಸರಿಗೆ ಇಷ್ಟು ದೊಡ್ಡ ಜಾಗ ಕಾಯಲು ಆಗುವುದಿಲ್ಲ. ಅದಕ್ಕೆ ಅಪರಾಧಿಗಳ ತಲೆಗೆ ಇನಾಮು ಕಟ್ಟುತ್ತಾರೆ, ಹಿಡಿದು ತಂದವರಿಗೆ ದುಡ್ಡು. ಅವರನ್ನೇ ಕೌಬಾಯ್ ಅನ್ನುವುದು. ಸೌರಮಂಡಲದಲ್ಲಿ ಮೂರು ಲಕ್ಷ ಜನ ಇದೇ ಕಸುಬಿನಲ್ಲಿದ್ದಾರೆ ಅಂತ ಕಥೆಯೊಳಗಿನ ಟಿವಿ ಕಾರ್ಯಕ್ರಮವೇ ಹೇಳುತ್ತದೆ. ಮೂರು ಲಕ್ಷ! ಅಂದರೆ ಇದು ಸಾಹಸ ಅಲ್ಲ, ಜಾಸ್ತಿ ಜನ ನುಗ್ಗಿ ಕೆಟ್ಟುಹೋದ ಒಂದು ಕಸುಬು. ಅವರ ಹಡಗು ಬೆಬಾಪ್ ಕೂಡ ಯುದ್ಧದ್ದಲ್ಲ, ಹಳೇ ಮೀನು ಹಿಡಿಯುವ ಹಡಗು. ನೀರಿನ ಮೇಲೇ ಇಳಿಯುತ್ತದೆ. ಒಳಗೆ ಎಲ್ಲ ಕಡೆ ತುಕ್ಕು, ಒಂದು ಹಳದಿ ಸೋಫಾ, ತಿರುಗುವ ಫ್ಯಾನು. ಬ್ಯಾಚುಲರ್ ರೂಮಿನಲ್ಲಿ ಬದುಕಿದವರಿಗೆ ಆ ಸೋಫಾ ಗೊತ್ತಿರುತ್ತದೆ. ಯಾರೋ ಖಾಲಿ ಮಾಡಿ ಹೋದಾಗ ಬಿಟ್ಟುಹೋಗಿದ್ದು, ಒಬ್ಬ ಯಾವಾಗಲೂ ಅದರ ಮೇಲೆ ಮಲಗಿರುತ್ತಾನೆ, ಉಳಿದವರು ನೆಲದ ಮೇಲೆ.

ನಾನಿದನ್ನು ಮೊದಲು ನೋಡಿದ್ದೂ ಅಂಥದ್ದೇ ರೂಮಿನಲ್ಲಿ. ನಾಲ್ಕು ಜನ ಇದ್ದೆವು, ಒಬ್ಬನ ಕಂಪ್ಯೂಟರು. ತಿಂಗಳ ಕೊನೆಗೆ ಬೇಳೆಯೇ ಇಲ್ಲದ ಬೇಳೆ ಸಾರು ಮಾಡುತ್ತಿದ್ದೆವು. ಹುಣಸೆಹಣ್ಣು, ಉಪ್ಪು, ಖಾರದ ಪುಡಿ, ಒಗ್ಗರಣೆ. ಹಾಗಾಗಿ ಮೊದಲ ಕಂತಿನ ಆ ಜಗಳ ಬಂದಾಗ ನಾವು ನಾಲ್ವರೂ ಒಟ್ಟಿಗೆ ನಕ್ಕೆವು. ಮೂರು ವರ್ಷ ಒಟ್ಟಿಗಿದ್ದೆವು, ಒಬ್ಬನ ಅಪ್ಪ ಏನು ಕೆಲಸ ಮಾಡುತ್ತಿದ್ದರು ಅಂತ ನನಗೆ ಈಗಲೂ ಗೊತ್ತಿಲ್ಲ. ಅವನು ಸಾರಿಗೆ ಬೆಳ್ಳುಳ್ಳಿ ಜಾಸ್ತಿ ಹಾಕುತ್ತಿದ್ದ, ಅದು ಗೊತ್ತು.

ಈಗ ಜನ ಹೇಗೆ ಸೇರಿದರು ನೋಡಿ. ಬೆಬಾಪ್‌ನವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರುವುದು ಅಪರೂಪ. ಪ್ರತಿ ಸಲ ಇನಾಮು ತಪ್ಪಿಹೋಗುತ್ತದೆ, ಅದರ ಬದಲು ತಿನ್ನುವ ಬಾಯಿ ಒಂದು ಹೆಚ್ಚಾಗುತ್ತದೆ. ಎರಡನೇ ಕಂತಿನಲ್ಲಿ ಕಳ್ಳ ಇವರ ಕೈತಪ್ಪಿದ, ಅವನು ಕದ್ದಿದ್ದ ನಾಯಿ ಉಳಿಯಿತು. ಗಿಡ್ಡ ಕಾಲಿನ ಕೋರ್ಗಿ, ಹೆಸರು ಐನ್. ಪ್ರಯೋಗಾಲಯದಲ್ಲಿ ಬುದ್ಧಿ ತುಂಬಿದ ‘ಡೇಟಾ ಡಾಗ್’ ಅದು, ಬೆಲೆಬಾಳುವಂಥದ್ದು. ಇವರಿಗೆ ಅದು ಗೊತ್ತೇ ಆಗುವುದಿಲ್ಲ. ಹಡಗಿನಲ್ಲಿ ಎಲ್ಲರಿಗಿಂತ ಜಾಣನಾದವನು ನೆಲದ ಮೇಲಿನ ಬಟ್ಟಲಿನಲ್ಲಿ ತಿನ್ನುತ್ತಾನೆ. ಮೂರನೇ ಕಂತಿನಲ್ಲಿ ಫೇ ವ್ಯಾಲೆಂಟೈನ್ ಸಿಕ್ಕಿದಳು, ಓಡಿಹೋದಳು. ನಾಲ್ಕನೆಯದರಲ್ಲಿ ಇಂಧನ ಮುಗಿದು ತೇಲುತ್ತಿದ್ದಳು, ಎತ್ತಿಕೊಂಡರು, ಉಳಿದೇಬಿಟ್ಟಳು. ಒಂಬತ್ತರಲ್ಲಿ ಹಿಡಿಯಬೇಕಾದ ಅಪರಾಧಿ ಮನುಷ್ಯನೇ ಅಲ್ಲ, ಆಕಾಶದಲ್ಲಿ ಒಂಟಿಯಾಗಿ ಸುತ್ತಿ ಸುತ್ತಿ ಬೇಸತ್ತು ಭೂಮಿಯ ಮೇಲೆ ಚಿತ್ರ ಬರೆಯುತ್ತಿದ್ದ ಹಳೇ ಉಪಗ್ರಹದ ಕಂಪ್ಯೂಟರ್. ಅದಕ್ಕೆ ಯಾರು ಇನಾಮು ಕೊಡುತ್ತಾರೆ? ಸಹಾಯ ಮಾಡಿದ ಪುಟ್ಟ ಹ್ಯಾಕರ್ ಹುಡುಗಿ ಎಡ್ ಮಾತ್ರ ಹಡಗು ಹತ್ತಿದಳು. ಆಗ ಸ್ಪೈಕ್ ಗೊಣಗುತ್ತಾನೆ. ನನಗೆ ಆಗದವು ಮೂರು: ಮಕ್ಕಳು, ಪ್ರಾಣಿ, ಜಂಬದ ಹೆಂಗಸರು. ಮೂರೂ ಈ ಹಡಗಿನಲ್ಲೇ ಯಾಕಿವೆ?

ಇವರನ್ನು ‘ಒಂದು ಕುಟುಂಬದಂತೆ’ ಅನ್ನುವ ವಿಮರ್ಶೆಗಳನ್ನು ತುಂಬ ಓದಿದ್ದೇನೆ. ನನಗೆ ಒಪ್ಪಿಗೆ ಇಲ್ಲ. ಕುಟುಂಬದಲ್ಲಿ ಯಾರಾದರೂ ಕೇಳುತ್ತಾರೆ, ಎಲ್ಲಿಗೆ ಹೊರಟೆ, ಯಾವಾಗ ಬರ್ತೀಯ ಅಂತ. ಇಲ್ಲಿ ಕೇಳುವುದು ಒಬ್ಬನೇ, ಜೆಟ್. ಅವನಿಗೂ ಉತ್ತರ ಸಿಗುವುದಿಲ್ಲ. ಐದನೇ ಕಂತಿನಲ್ಲಿ ಸ್ಪೈಕ್ ಹಳೇ ವೈರಿಯನ್ನು ಎದುರಿಸಲು ಹೋಗಿ ಚರ್ಚಿನ ಗಾಜಿನ ಕಿಟಕಿಯಿಂದ ಕೆಳಕ್ಕೆ ಬೀಳುತ್ತಾನೆ. ಎಚ್ಚರವಾದಾಗ ಮೈತುಂಬ ಬ್ಯಾಂಡೇಜು. ಪಕ್ಕದಲ್ಲಿ ಫೇ ಏನೋ ಗುನುಗುತ್ತ ಕೂತಿದ್ದಾಳೆ. ಅವನು ಬೆರಳಾಡಿಸಿ ಹತ್ತಿರ ಕರೆಯುತ್ತಾನೆ. ಅವಳು ಕಿವಿ ಕೊಡುತ್ತಾಳೆ. ಈಗೊಂದು ಪ್ರೀತಿಯ ಮಾತು ಬರುತ್ತದೆ ಅಂತ ನಾವು ಕಾದರೆ ಅವನು ಹೇಳುವುದು, ನಿನ್ನ ಶ್ರುತಿ ಸರಿಯಿಲ್ಲ ಅಂತ. ದಿಂಬಿನೇಟು ಬೀಳುತ್ತದೆ. ಅವಳು ಅಲ್ಲಿ ಕೂತು ಕಾಯುತ್ತಿದ್ದಳು ಅನ್ನೋದನ್ನು ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ.

ನನ್ನ ಮೆಚ್ಚಿನವನು ಜೆಟ್. ಸ್ಪೈಕ್‌ನಂಥವರನ್ನು ಇಷ್ಟಪಡೋಕೆ ಇಪ್ಪತ್ತರ ವಯಸ್ಸು ಸಾಕು. ಜೆಟ್‌ನನ್ನು ಇಷ್ಟಪಡಲು ಮನೆ ಬಾಡಿಗೆ ಕಟ್ಟಿರಬೇಕು. ಅವನಿಗೆ ಮೂವತ್ತಾರೇ ವರ್ಷ, ನೋಡಲು ಐವತ್ತು. ಹಿಂದೆ ಪೊಲೀಸ್. ನಂಬಿದವನೇ ಕೈಕೊಟ್ಟಿದ್ದರಿಂದ ಕೈ ಹೋಯಿತು. ಆ ಕಾಲದ ವೈದ್ಯದಲ್ಲಿ ಹೊಸ ಕೈ ಬೆಳೆಸಬಹುದು, ಇವನು ಬೇಕೆಂದೇ ಲೋಹದ್ದನ್ನು ಇಟ್ಟುಕೊಂಡಿದ್ದಾನೆ. ಅದೇ ಕೈಯಲ್ಲಿ ಬೋನ್ಸಾಯ್ ಗಿಡಗಳ ಎಲೆ ಕತ್ತರಿಸುತ್ತಾನೆ, ಈರುಳ್ಳಿ ಹೆಚ್ಚುತ್ತಾನೆ. ಹತ್ತನೇ ಕಂತಿನಲ್ಲಿ ತನ್ನೂರಾದ ಗುರುವಿನ ಉಪಗ್ರಹ ಗ್ಯಾನಿಮೀಡ್‌ಗೆ ಹೋಗುತ್ತಾನೆ. ಹೇಳದೆ ಕೇಳದೆ ಬಿಟ್ಟುಹೋದ ಹಳೇ ಪ್ರಿಯತಮೆ ಅಲ್ಲಿದ್ದಾಳೆ. ಅವಳು ಬಿಟ್ಟುಹೋದ ಜೇಬಿನ ಗಡಿಯಾರ ಇವನ ಹತ್ತಿರ ಇನ್ನೂ ಇದೆ. ಯಾಕೆ ಹೋದೆ ಅಂದರೆ ಅವಳು ಕೊಡುವ ಕಾರಣ ಕೇಳಿ ನಾನು ಒಂದು ಕ್ಷಣ ವಿಡಿಯೊ ನಿಲ್ಲಿಸಿದ್ದೆ. ನೀನು ಹೇಳಿದ್ದೇ ಯಾವಾಗಲೂ ಸರಿ ಇರುತ್ತಿತ್ತು, ನಿನ್ನ ಜೊತೆ ಇದ್ದರೆ ನಾನು ಏನನ್ನೂ ನಿರ್ಧರಿಸಬೇಕಿರಲಿಲ್ಲ ಅನ್ನುವ ಅರ್ಥದ ಮಾತು. ತಪ್ಪಾದರೂ ಸರಿ, ನನ್ನದೇ ಆಗಿರಲಿ ಅಂತ ಹೋದವಳು. ಜೆಟ್ ಆ ಗಡಿಯಾರವನ್ನು ನೀರಿಗೆ ಎಸೆದು ಹಡಗಿಗೆ ವಾಪಸ್ ಬರುತ್ತಾನೆ. ಈಗ ಹಡಗಿನಲ್ಲಿ ಯಾರಿಗೂ ಇದು ಮಾಡು ಅದು ಮಾಡು ಅಂತ ಒತ್ತಾಯಿಸುವುದಿಲ್ಲ. ಗೊಣಗುತ್ತಾನೆ, ಅಡುಗೆ ಮಾಡಿಡುತ್ತಾನೆ. ಬಂದವರು ತಿನ್ನಲಿ.

ಫ್ರಿಜ್ಜಿನ ಕಂತು ಒಂದಿದೆ, 11ನೆಯದು. ಹಡಗಿನಲ್ಲಿ ಏನೋ ಕಚ್ಚಿ ಒಬ್ಬೊಬ್ಬರಾಗಿ ಮೂರ್ಛೆ ಹೋಗುತ್ತಾರೆ. ಭೂತದ ಸಿನಿಮಾದ ಥರ ಹೆದರಿಸಿ ಹೆದರಿಸಿ ಕೊನೆಗೆ ಹೊರಬೀಳುವ ಸತ್ಯ ಏನೆಂದರೆ, ಒಂದು ವರ್ಷದ ಹಿಂದೆ ಸ್ಪೈಕ್ ಒಳ್ಳೇ ಸೀಗಡಿಯೊಂದನ್ನು ತಾನೊಬ್ಬನೇ ತಿನ್ನಬೇಕು ಅಂತ ಹಳೇ ಫ್ರಿಜ್ಜಿನಲ್ಲಿ ಬಚ್ಚಿಟ್ಟು ಮರೆತಿದ್ದ. ಸೀಗಡಿ ಅಂದರೆ ಗ್ಯಾನಿಮೀಡ್‌ನ ದೊಡ್ಡ ಲಾಬ್‌ಸ್ಟರ್. ಅದು ಕೊಳೆತು, ಜೀವ ಬಂದು, ಹರಿದಾಡುತ್ತಿದೆ. ಹಂಚಿ ತಿನ್ನದವನ ಪಾಪ ಎಲ್ಲರನ್ನೂ ಕಚ್ಚಿತು! ಫ್ರಿಜ್ಜನ್ನು ಆಕಾಶಕ್ಕೆ ನೂಕುವಾಗ ಹಿನ್ನೆಲೆಯಲ್ಲಿ ಚೈಕೊವ್‌ಸ್ಕಿಯ ಹೂವಿನ ನೃತ್ಯದ ಸಂಗೀತ. ಉಳಿದ ಕೊನೆಯ ತುಣುಕನ್ನು ಎಡ್ ನಿದ್ದೆಗಣ್ಣಿನಲ್ಲೇ ಬಾಯಿಗೆ ಹಾಕಿಕೊಳ್ಳುತ್ತಾಳೆ.

ಸರಿ, ಈಗ ಪ್ರೊಜೆಕ್ಟರ್ ಕಥೆಗೆ ಬರೋಣ. 18ನೇ ಕಂತು.

ಫೇ ಬಗ್ಗೆ ಆ ಹೊತ್ತಿಗೆ ನಮಗೆ ಗೊತ್ತಿರುವುದು ಇಷ್ಟು. ಜೂಜು, ಸಾಲ, ಸುಳ್ಳು. 1994ರಲ್ಲಿ ಹುಟ್ಟಿದವಳು. ಚಿಕ್ಕ ವಯಸ್ಸಿನಲ್ಲಿ ನೌಕೆಯ ಅಪಘಾತವಾಗಿ ಅವಳನ್ನು ಹಿಮನಿದ್ದೆಯಲ್ಲಿ, ಅಂದರೆ ದೇಹವನ್ನು ಹೆಪ್ಪುಗಟ್ಟಿಸಿ, 54 ವರ್ಷ ಇಟ್ಟಿದ್ದರು. ಎದ್ದಾಗ ನೆನಪು ಪೂರ್ತಿ ಅಳಿಸಿಹೋಗಿದೆ, ಆಸ್ಪತ್ರೆಯ ಬಿಲ್ಲು ಮಾತ್ರ ಕಾದು ಕೂತಿದೆ. ಲೆಕ್ಕದ ಪ್ರಕಾರ 77ರ ಅಜ್ಜಿ, ನೋಡಲು ಇಪ್ಪತ್ತೆರಡು ಇಪ್ಪತ್ಮೂರು. ಒಂದು ದಿನ ಅವಳ ಹೆಸರಿಗೆ ಪಾರ್ಸೆಲ್ ಬರುತ್ತದೆ, ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಾದದ್ದು, ನಮ್ಮ ಹಳೇ ವಿ.ಪಿ. ಪಾರ್ಸೆಲ್ ಥರ. ಸಾಲಗಾರರದ್ದೇ ಇರಬೇಕು ಅಂತ ಅವಳು ಓಡಿಹೋಗುತ್ತಾಳೆ. ಸ್ಪೈಕ್ ಮತ್ತು ಜೆಟ್ ಬಿಚ್ಚಿ ನೋಡಿದರೆ ಒಂದು ವಿಡಿಯೊ ಕ್ಯಾಸೆಟ್. ಬೀಟಾ ಕ್ಯಾಸೆಟ್.

ಇಲ್ಲಿ ಮೂವತ್ತು ದಾಟಿದವರು ತಲೆಯಾಡಿಸುತ್ತಿದ್ದೀರಿ, ಕಾಲೇಜಿನವರು ಮುಖ ನೋಡಿಕೊಳ್ಳುತ್ತಿದ್ದೀರಿ. ಸೋನಿಯ ಬೀಟಾಮ್ಯಾಕ್ಸ್ ಬಂದದ್ದು 1975ರಲ್ಲಿ, ಅದರ ಎದುರಾಳಿ ವಿಎಚ್‌ಎಸ್ 1976ರಲ್ಲಿ. ನಮ್ಮ ಬೀದಿಗಳ ವಿಡಿಯೊ ಲೈಬ್ರರಿಗಳಲ್ಲಿ ಸಿಗುತ್ತಿದ್ದದ್ದು ಸಾಮಾನ್ಯವಾಗಿ ವಿಎಚ್‌ಎಸ್. ಬೀಟಾ ಸೋತಿತು. ಆದರೂ ಸೋನಿ 2016ರ ಮಾರ್ಚ್‌ವರೆಗೆ ಅದರ ಖಾಲಿ ಕ್ಯಾಸೆಟ್ ಮಾರುತ್ತಲೇ ಇತ್ತು. ಹಾಗಾಗಿ 1994ರಲ್ಲಿ ಹುಟ್ಟಿದ ಹುಡುಗಿ ಬೀಟಾದಲ್ಲಿ ರೆಕಾರ್ಡ್ ಮಾಡಿದ್ದು ವಿಚಿತ್ರ, ಆದರೆ ಅಸಾಧ್ಯ ಅಲ್ಲ.

ಇದರಲ್ಲೇನಾದರೂ ದುಡ್ಡು ಇದ್ದೀತು ಅಂತ ಈ ಇಬ್ಬರು ಪ್ಲೇಯರ್ ಹುಡುಕಲು ಹೊರಡುತ್ತಾರೆ. ಹಳೇ ಸಾಮಾನಿನ ಹುಚ್ಚಿರುವ ಅಂಗಡಿಯವನೊಬ್ಬನ ಹತ್ತಿರ ಒಂದಿದೆ. ಚಿತ್ರ ಅಲುಗಾಡಿತು ಅಂತ ಸ್ಪೈಕ್ ಅದನ್ನು ಒದ್ದು ಕೆಡಿಸುತ್ತಾನೆ. ಅಂಗಡಿಯವನ ಮುಖ ನೋಡಬೇಕು. ಆಮೇಲೆ ಭೂಮಿಗೆ ಬಂದು, ಪಾಳುಬಿದ್ದ ನಗರದ ನೆಲದಡಿಯ ಹಳೇ ವಸ್ತುಸಂಗ್ರಹಾಲಯಕ್ಕೆ ಇಳಿದು, ಕತ್ತಲಲ್ಲಿ ಮಹಡಿ ಮಹಡಿ ದಾಟಿ, ಭಾರದ ಪ್ಲೇಯರ್ ಒಂದನ್ನು ಹೊತ್ತು ತರುತ್ತಾರೆ. ಕ್ಯಾಸೆಟ್ ಹಾಕಲು ಹೋದರೆ ಹಿಡಿಸುವುದಿಲ್ಲ. ಇವರು ತಂದದ್ದು ವಿಎಚ್‌ಎಸ್. ಅರ್ಧ ಗಂಟೆ ಮುಂಚೆ ಈ ವೈರು ಆ ಪಿನ್ನಿಗೆ ಹಿಡಿಸದೆ ನಾನು ಬೆವರುತ್ತಿದ್ದೆನಲ್ಲ, ಆಗ ನನಗೆ ಇವರಿಬ್ಬರದೇ ನೆನಪು.

ಕೊನೆಗೆ ಇನ್ನೊಂದು ಪಾರ್ಸೆಲ್‌ನಲ್ಲಿ ಬೀಟಾ ಪ್ಲೇಯರೇ ಬರುತ್ತದೆ. ಎಲ್ಲರೂ ಸೋಫಾ ಸುತ್ತ ಕೂರುತ್ತಾರೆ. ಪರದೆಯ ಮೇಲೆ ಒಬ್ಬಳು ಶಾಲೆಯ ಹುಡುಗಿ. ಹತ್ತು ವರ್ಷದ ನಂತರದ ತನಗೆ ತಾನೇ ಕಳಿಸಿಕೊಂಡ ಪತ್ರ ಅದು. ನೀನು ಹೇಗಿದ್ದೀಯ, ಈಗಿನ ನಾನು ಇಲ್ಲಿಂದಲೇ ನಿನಗೆ ಹುರಿದುಂಬಿಸುತ್ತೇನೆ ಅಂತ ಚಿಯರ್ ಕುಣಿತ ಕುಣಿಯುತ್ತಾಳೆ. ಸೋಲಬೇಡ ಕಣೇ ನಾನು, ಅಂತ. ಫೇ ನೋಡುತ್ತಾಳೆ. ನೆನಪಾಗುತ್ತಿಲ್ಲ ಅನ್ನುತ್ತಾಳೆ. ಕಂತು ಮುಗಿಯುತ್ತದೆ. ಅವಳು ಅಳುವುದಿಲ್ಲ. ಯಾರೂ ಅವಳ ಹೆಗಲ ಮೇಲೆ ಕೈ ಇಡುವುದಿಲ್ಲ. ಸುಮ್ಮನೆ ಎಲ್ಲರೂ ಒಂದೇ ಕೋಣೆಯಲ್ಲಿ ಇರುತ್ತಾರೆ.

ಈ ಕಂತಿನ ಶುರುವಿನಲ್ಲೇ ಜೆಟ್ ಎಡ್‌ಗೆ ಒಂದು ಜಪಾನಿ ಜನಪದ ಕಥೆ ಹೇಳುತ್ತಿರುತ್ತಾನೆ. ಉರಾಶಿಮಾ ಟಾರೊ ಅನ್ನುವ ಬೆಸ್ತ ಕಡಲ ಅರಮನೆಗೆ ಹೋಗಿ ಕೆಲವೇ ದಿನ ಇದ್ದು ಬಂದರೆ ಊರಿನಲ್ಲಿ ಎಷ್ಟೋ ಕಾಲ ಕಳೆದಿರುತ್ತದೆ. ನಮ್ಮ ಭಾಗವತದಲ್ಲೂ ಇಂಥದ್ದೇ ಒಂದಿದೆಯಲ್ಲ, ಮಗಳು ರೇವತಿಗೆ ವರ ಯಾರು ಅಂತ ಕೇಳಲು ಕಕುದ್ಮಿ ರಾಜ ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಸಂಗೀತ ಮುಗಿಯುವವರೆಗೆ ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಕೆಳಗೆ ಯುಗಗಳೇ ಉರುಳಿ ಅವನು ಯೋಚಿಸಿದ್ದ ವರರೆಲ್ಲ ಸತ್ತುಹೋಗಿರುತ್ತಾರೆ. ರೇವತಿಗೆ ಬಲರಾಮನಾದರೂ ಸಿಕ್ಕ. ಫೇಗೆ ಸಿಕ್ಕಿದ್ದು ಬಿಲ್ಲು.

ಸಂಗೀತದ ಬಗ್ಗೆ ಚಿಕ್ಕದಾಗಿ. ಯೊಕೊ ಕನ್ನೊ ಮತ್ತು ಅವರ ಸೀಟ್‌ಬೆಲ್ಟ್ಸ್ ತಂಡ. ಚಿತ್ರಕ್ಕೆ ತಕ್ಕ ಹಾಗೆ ಸಂಗೀತ ಮಾಡುವುದು ರೂಢಿ. ಇಲ್ಲಿ ಎಷ್ಟೋ ಸಲ, ಬೇಕು ಅಂತ ಯಾರೂ ಕೇಳದೇ ಇದ್ದ ಹಾಡನ್ನೂ ಕನ್ನೊ ಮಾಡಿಕೊಟ್ಟು, ಅದನ್ನು ಕೇಳಿದ ಮೇಲೆ ವಾಟನಬೆ ದೃಶ್ಯ ಯೋಚಿಸಿದ್ದುಂಟು. ಬೆಬಾಪ್ ಅಂದರೆ 1940ರ ದಶಕದ ಜಾಸ್ ಪ್ರಕಾರ, ಪ್ರತಿಯೊಬ್ಬರೂ ತಮ್ಮ ದಾರಿಯಲ್ಲಿ ಹೋಗಿ ಎಲ್ಲೋ ಒಂದು ಕಡೆ ಕೂಡುವಂಥದ್ದು. ಕಂತುಗಳನ್ನೂ ‘ಸೆಷನ್’ ಅನ್ನುತ್ತಾರೆ. ಹೆಚ್ಚು ಹೇಳಲಾರೆ, ಕೇಳಿಯೇ ತಿಳಿಯಬೇಕು. ಇವತ್ತು ಸ್ಪೀಕರೂ ಇಲ್ಲ.

ಒಂದು ಕಂತನ್ನು ಮಾತ್ರ ನನಗೆ ಹಗುರವಾಗಿ ನೋಡಲು ಆಗುವುದಿಲ್ಲ, 19ನೆಯದು. ಸ್ಪೈಕ್‌ನ ವಿಮಾನ ಇಂಧನ ಮುಗಿದು ಭೂಮಿಯ ಕಡೆ ಬೀಳುತ್ತಿದೆ. ಮರುಭೂಮಿಯಲ್ಲಿ ಡೂಹನ್ ಅನ್ನುವ ಮುದುಕ ಮೆಕ್ಯಾನಿಕ್ ಹಳೇ ಶೆಡ್ಡಿನಿಂದ ಒಂದು ಬಾಹ್ಯಾಕಾಶ ನೌಕೆಯನ್ನು ಹೊರತೆಗೆದು ಹಾರಿಸಿ ಅವನನ್ನು ಹಿಡಿದು ತರುತ್ತಾನೆ. ನೌಕೆಯ ಮೈಮೇಲಿನ ಹೆಸರು ಕೊಲಂಬಿಯಾ. ಉರಿಯುತ್ತ ಇಳಿದು, ಮರಳಿನಲ್ಲಿ ಜಾರಿ ನಿಲ್ಲುತ್ತದೆ. ಎಲ್ಲರೂ ಬದುಕುತ್ತಾರೆ. ಇದು ಬಂದದ್ದು 1999ರಲ್ಲಿ. 2003ರ ಫೆಬ್ರವರಿ 1ರಂದು ನಿಜವಾದ ಕೊಲಂಬಿಯಾ ಇಳಿಯುವಾಗಲೇ ಚೂರಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ಆಮೇಲೆ ನಮ್ಮ ಇಸ್ರೊದ ಹವಾಮಾನ ಉಪಗ್ರಹಕ್ಕೆ ಕಲ್ಪನಾ ಹೆಸರಿಟ್ಟರು. ನಾನು ಈ ಕಂತು ನೋಡಿದ್ದು ಅದೆಲ್ಲ ಆದ ಮೇಲೆ. ಕಾರ್ಟೂನಿನ ನೌಕೆ ಕೆಂಪಗೆ ಕಾದಾಗ ಕೈ ತಾನಾಗಿ ಕುರ್ಚಿ ಹಿಡಿದುಕೊಳ್ಳುತ್ತದೆ.

ಬರೀ ಹೊಗಳಿದರೆ ವಿಮರ್ಶೆ ಆಗುವುದಿಲ್ಲ. ಫೇಗೆ ಹಾಕಿರುವ ಬಟ್ಟೆ ನೋಡಿದರೆ, ಹಡಗಿನ ಫ್ಯಾನು ಗಾಳಿಗೆ ನೆಗಡಿಯಾಗದಿದ್ದದ್ದೇ ಆಶ್ಚರ್ಯ. ಅವಳ ಮೇಲೆ ಕ್ಯಾಮೆರಾ ಓಡಾಡುವ ರೀತಿ, ಅವಳಿಗೆ ಬರೆದಿರುವ ಕಥೆಯಷ್ಟು ಜಾಣತನದ್ದಲ್ಲ. ಇನ್ನು ಖಳನಾಯಕ ವಿಶಸ್, ಚರ್ಚಿನಲ್ಲಿ ಸ್ಪೈಕ್ ಎದುರಿಸಿದ ಆ ಹಳೇ ವೈರಿ. ಬಿಳಿ ಕೂದಲು, ಉದ್ದ ಕತ್ತಿ, ಹೆಗಲ ಮೇಲೊಂದು ಹಕ್ಕಿ, ಹೆಸರೇ ‘ಕ್ರೂರಿ’. ಅವನು ಏನು ತಿನ್ನುತ್ತಾನೆ ಅಂತ ನಮಗೆ ಯಾವತ್ತೂ ತೋರಿಸುವುದಿಲ್ಲ! ಸ್ಪೈಕ್ ಪ್ರಾಣ ಕೊಡಲು ತಯಾರಿರುವ ಜೂಲಿಯಾ ಕೂಡ ಮಳೆಯಲ್ಲಿ ನಿಂತ ಒಂದು ನೆರಳು, ಅಷ್ಟೆ. ಸ್ಪೈಕ್ ಹಿಂದೆ ಇದ್ದ ಗ್ಯಾಂಗಿನ ಕಥೆ ಬಂದಾಗಲೆಲ್ಲ ನನಗೆ ಯಾವಾಗ ಮತ್ತೆ ಅಡುಗೆಮನೆಗೆ ಹೋಗುತ್ತೇವೋ ಅನಿಸುತ್ತಿತ್ತು. 2021ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ನಿಜವಾದ ನಟರನ್ನಿಟ್ಟು ಇದನ್ನು ಮತ್ತೆ ಮಾಡಿತು. ವಿಶಸ್ ಮತ್ತು ಜೂಲಿಯಾರ ಕಥೆಯನ್ನೇ ಎಳೆದು ಎಳೆದು ಹೇಳಿತು. ಮೂರು ವಾರದೊಳಗೆ ಮುಂದಿನ ಭಾಗ ಇಲ್ಲ ಅಂತ ಘೋಷಿಸಿದರು. ನಟರು ಪಾಪ ಚೆನ್ನಾಗಿಯೇ ಮಾಡಿದ್ದರು. ಆದರೆ ಅಲ್ಲಿ ಎಲ್ಲರೂ ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ಹೇಳಿಕೊಂಡ ಮೇಲೆ ಬೆಬಾಪ್‌ನಲ್ಲಿ ಉಳಿಯುವುದೇನು?

24ನೇ ಕಂತಿಗೆ ಬಂದು ಮುಗಿಸುತ್ತೇನೆ. ಫೇಗೆ ನೆನಪು ಮರಳಿ ಬಂದಿದೆ. ತನ್ನ ಮನೆ ಹುಡುಕಿಕೊಂಡು ಹೋದರೆ ಅಲ್ಲಿ ಮಣ್ಣು ಮಾತ್ರ. ಕೋಲಿನಿಂದ ನೆಲದ ಮೇಲೆ ತನ್ನ ಹಾಸಿಗೆಯಷ್ಟು ಜಾಗದ ಗೆರೆ ಎಳೆದು ಅದರೊಳಗೆ ಮಲಗುತ್ತಾಳೆ. ಎಡ್‌ಗೆ ಅವಳ ಅಪ್ಪ ಸಿಗುತ್ತಾನೆ. ಕಲ್ಲು ಬಿದ್ದು ಬಿದ್ದು ದಿನವೂ ಬದಲಾಗುವ ಭೂಮಿಯ ನಕ್ಷೆ ಬರೆಯುವುದೇ ಅವನ ಕೆಲಸ. ಮಗಳನ್ನು ಎಲ್ಲೋ ಬಿಟ್ಟು ಮರೆತಿದ್ದ ಪುಣ್ಯಾತ್ಮ. ಹೆಸರು ಆಪಲ್‌ಡೆಲ್ಲಿ ಸಿನಿಜ್ ಹೆಸಾಪ್ ಲ್ಯುಟ್‌ಫೆನ್. ಕೊನೆಯ ಎರಡು ಪದ ಟರ್ಕಿ ಭಾಷೆಯವು, ಹೋಟೆಲಿನಲ್ಲಿ ‘ಬಿಲ್ ಕೊಡಿ’ ಅನ್ನುವ ಮಾತು. ಹೆಸಾಪ್ ಅಂದರೆ ಬೇರೇನಲ್ಲ, ನಮ್ಮ ಹಿಸಾಬು, ಅರಬ್ಬಿ ಮೂಲದ ಅದೇ ಪದ. ಈ ಇಡೀ ಸರಣಿಯಲ್ಲಿ ಬಿಲ್ಲು ಕೇಳದವರೇ ಇಲ್ಲ ನೋಡಿ.

ಎಡ್ ಹೊರಡುತ್ತಾಳೆ. ಹಡಗಿನ ಮೇಲೆ ದೊಡ್ಡದಾಗಿ ಒಂದು ನಗುಮುಖ ಬರೆದು, ಟಾಟಾ ಅಂತ ಬರೆದು. ಹಿಂದೆಯೇ ಐನ್, ಒಮ್ಮೆ ತಿರುಗಿ ನೋಡಿ, ಅವಳ ಜೊತೆ. ಒಳಗೆ ಜೆಟ್ ಮತ್ತು ಸ್ಪೈಕ್ ಊಟಕ್ಕೆ ಕೂತಿದ್ದಾರೆ. ಬೇಯಿಸಿದ ಮೊಟ್ಟೆ, ರಾಶಿ ರಾಶಿ. ಎಂದೂ ಇಲ್ಲದ್ದು ಇವತ್ತು ಎಲ್ಲರಿಗೂ ಹೊಟ್ಟೆ ತುಂಬುವಷ್ಟಿದೆ. ಹೋದವರ ಪಾಲೂ ಅಲ್ಲೇ ಇದೆ. ಇಬ್ಬರೂ ಒಂದು ಮಾತಾಡುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ, ಗಂಟಲಲ್ಲಿ ಇಳಿಯದಿದ್ದರೂ, ಒಂದರ ಹಿಂದೆ ಒಂದು ಮೊಟ್ಟೆ ಬಾಯಿಗೆ ತುರುಕುತ್ತಲೇ ಇರುತ್ತಾರೆ. ಹೋದವರ ಪಾಲನ್ನೂ. ಹಿನ್ನೆಲೆಯಲ್ಲಿ ಹಾಡು ಇದೆ, ನನಗೆ ಕೇಳಿಸುವುದು ಅಗಿಯುವ ಸದ್ದು ಮಾತ್ರ.

ಕೊನೆಯ ಕಂತಿನಲ್ಲೂ ಸ್ಪೈಕ್ ಹಡಗಿಗೆ ಬಂದು ಮೊದಲು ಕೇಳುವುದು ಊಟ. ಜೆಟ್ ಬಡಿಸುತ್ತಾನೆ. ಅವನು ತಿಂದು, ಚೆನ್ನಾಗಿಲ್ಲ ಅನ್ನುತ್ತಾನೆ. ಆಮೇಲೆ ಹತ್ತು ಲಕ್ಷ ಸಲ ಸತ್ತು ಹುಟ್ಟಿದ ಬೆಕ್ಕಿನ ಕಥೆ ಹೇಳುತ್ತಾನೆ. ಹೇಳಿ ಮುಗಿಸಿ, ನನಗೆ ಈ ಕಥೆ ಇಷ್ಟ ಇಲ್ಲ, ಬೆಕ್ಕು ಕಂಡರಾಗಲ್ಲ ಅನ್ನುತ್ತಾನೆ. ಇಬ್ಬರೂ ಜೋರಾಗಿ ನಗುತ್ತಾರೆ. ನಂತರ ಅವನು ವಿಶಸ್‌ನನ್ನು ಎದುರಿಸಲು ಎದ್ದು ಹೋಗುತ್ತಾನೆ.

(ಮಾತು ಮುಗಿದ ಮೇಲೆ ಪ್ರಶ್ನೆಗಳಿದ್ದವು. ಸ್ಪೈಕ್ ಸತ್ತನಾ ಇಲ್ಲವಾ ಅಂತ ಮೂವರು ಕೇಳಿದರು. ನಿರ್ದೇಶಕರೇ ಅದನ್ನು ನೋಡುವವರಿಗೆ ಬಿಟ್ಟಿದ್ದಾರೆ, ನಾನ್ಯಾರು ಹೇಳೋಕೆ ಅಂದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಅಜ್ಜಿ, ಮೊಮ್ಮಗನ ಜೊತೆ ಬಂದವರು, ಕೈ ಎತ್ತಿ ಕೇಳಿದರು: “ಅಲ್ಲಪ್ಪಾ, ಆ ಅಡುಗೆ ಮಾಡೋನು ಒಬ್ಬನೇ ಉಳಿದನಲ್ಲ, ಅವತ್ತು ರಾತ್ರಿ ಅವನು ಏನಾದ್ರೂ ಉಂಡನಾ?” ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಮನೆಗೆ ಬಂದು ಕೊನೆಯ ಕಂತನ್ನು ಮತ್ತೆ ಹಾಕಿಕೊಂಡು ನೋಡಿದೆ. ತೋರಿಸಿಲ್ಲ.)